ಕಷ್ಟ ಬರೆದಿಟ್ಟ ನೋಟ್‌ಬುಕ್ಕೇ ವಾರ್ಡಿನ ಬಜೆಟ್ ಆದದ್ದು: ಮೈಸೂರಿನ ಒಬ್ಬ ಕಾರ್ಪೊರೇಟರ್ ಪ್ರಕರಣ

ಸಮಾಜಸೇವೆ ಮಾಡಿದವರು ರಾಜಕೀಯಕ್ಕೆ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಬಂದ ಮೇಲೆ ಅವರು ಏನು ಮಾಡುತ್ತಾರೆ ಅಂತ ಕೂತು ನೋಡಿದವರು ಕಡಿಮೆ. ಈ ಬರಹ ಅಂಥ ಒಬ್ಬರ ಐದು ವರ್ಷದ ಕುರಿತು. ಮೈಸೂರು ಮಹಾನಗರ ಪಾಲಿಕೆಗೆ 2018ರಲ್ಲಿ ಆಯ್ಕೆಯಾದ ಹೆಣ್ಣುಮಗಳು ಇವರು. ಅದಕ್ಕೂ ಮುಂಚೆ ಅದೇ ಸುತ್ತಮುತ್ತ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ದುಡಿದವರು. ಹೆಸರು, ಪಕ್ಷ, ವಾರ್ಡ್ ಸಂಖ್ಯೆ ಮೂರನ್ನೂ ಬಿಟ್ಟಿದ್ದೇನೆ. ಆ ಬೀದಿಗಳ ಮನೆಮನೆಯ ಕಾಯಿಲೆ, ಸಾಲ, ಜಗಳ ಇದರೊಳಗೆ ಬರುತ್ತದೆ, ಅದಕ್ಕೆ. ಅಲ್ಲಿನವರು ಅವರನ್ನು ಅಕ್ಕ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಅಕ್ಕ ಹಳೆಯ ಕೆಲಸದಿಂದ ಪಾಲಿಕೆಗೆ ತಂದದ್ದು ಒಂದು ಅಭ್ಯಾಸ. ಬಂದವರ ಕಷ್ಟವನ್ನು ಬರೆದಿಟ್ಟುಕೊಳ್ಳುವುದು. ಮರುಕ, ಓಡಾಟ, ಒಳ್ಳೆಯ ಮನಸ್ಸು ಬೇರೆ ಕಾರ್ಪೊರೇಟರ್‌ಗಳಲ್ಲೂ ಇರುತ್ತದೆ. ಈ ಅಭ್ಯಾಸ ಇರುವುದಿಲ್ಲ. ವಾರ್ಡಿನ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಕೊನೆಗೆ ತೀರ್ಮಾನ ಮಾಡಿದ್ದು ಆ ನೋಟ್‌ಬುಕ್ಕು.

ಊರು, ವಾರ್ಡು, ಚುನಾವಣೆ

ಮೈಸೂರಿಗೆ ಸ್ವಚ್ಛ ನಗರ ಅನ್ನುವ ಹೆಸರಿದೆ. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015ರಲ್ಲೂ 2016ರಲ್ಲೂ ನಮ್ಮೂರೇ ಮೊದಲು. ಅದಕ್ಕೂ ಬಹಳ ಹಿಂದೆ, 19ನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಜನ ಸತ್ತ ಮೇಲೆ, ಊರನ್ನು ಸರಿಮಾಡಲೆಂದೇ 1903ರಲ್ಲಿ ಇಲ್ಲಿ ಒಂದು ನಗರ ಸುಧಾರಣಾ ಮಂಡಳಿ ಶುರುವಾಯಿತು. ಅಗಲವಾದ ರಸ್ತೆಗಳು, ಮಲ, ಕಸ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಗಾಳಿ ಬೆಳಕು ಇರುವ ಬಡಾವಣೆಗಳು ಆ ಕಾಲದ ಯೋಚನೆ. ಚರಂಡಿಗೂ ಕಾಯಿಲೆಗೂ ಇರುವ ನಂಟು ಈ ಊರಿಗೆ ನೂರು ವರ್ಷದಿಂದ ಗೊತ್ತು.

ಆ ಅಚ್ಚುಕಟ್ಟು ಎಲ್ಲ ಕಡೆಗೂ ತಲುಪಲಿಲ್ಲ. ಅಕ್ಕನ ವಾರ್ಡಿನ ಒಂದು ಬದಿಗೆ ಸೈಟು ಹಂಚಿ ಮಾಡಿದ ಬಡಾವಣೆ ಇದೆ. ಇನ್ನೊಂದು ಬದಿಗೆ ಒಂದು ಘೋಷಿತ ಕೊಳಗೇರಿ. ಅದಕ್ಕೆ ಅಂಟಿಕೊಂಡೇ ಘೋಷಣೆ ಆಗದ ಎರಡು ಬೀದಿಗಳು. ಈ ವ್ಯತ್ಯಾಸ ಚಿಕ್ಕದಲ್ಲ. 1973ರ ಕೊಳಗೇರಿ ಕಾಯ್ದೆಯ ಪ್ರಕಾರ ಘೋಷಣೆ ಆದ ಕಡೆ ಕೊಳಗೇರಿ ಅಭಿವೃದ್ಧಿ ಮಂಡಳಿ ಬಂದು ಕೆಲಸ ಮಾಡಬಹುದು. ಘೋಷಣೆ ಆಗದ ಬೀದಿಗೆ ಪಾಲಿಕೆಯೇ ದಿಕ್ಕು. ಹೆಂಗಸರು ಊದುಬತ್ತಿ ಹೊಸೆಯುತ್ತಾರೆ, ಇಲ್ಲವೇ ಮನೆಕೆಲಸಕ್ಕೆ ಹೋಗುತ್ತಾರೆ. ಗಂಡಸರದು ಗಾರೆ ಕೆಲಸ, ಆಟೋ, ಮಾರ್ಕೆಟ್ಟಿನಲ್ಲಿ ಮೂಟೆ ಹೊರೋದು.

ಪಾಲಿಕೆಯ 65 ವಾರ್ಡುಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ನಮ್ಮ ರಾಜ್ಯದ ನಗರಸಭೆ, ಪಾಲಿಕೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆ ಸಲ ಈ ವಾರ್ಡು ಮಹಿಳೆಗೆ ಬಂತು. ಪಕ್ಷದವರು ಊರೆಲ್ಲ ಗೊತ್ತಿರುವ ಹೆಂಗಸು ಯಾರು ಅಂತ ಹುಡುಕಿದಾಗ ಅಕ್ಕನ ಹೆಸರು ತಾನಾಗಿಯೇ ಬಂತು. ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯ ಓದಿದವರು. ಕ್ಷಯದ ರೋಗಿಗಳಿಗೆ ತಪ್ಪದೆ ಮಾತ್ರೆ ನುಂಗಿಸುವುದು, ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ವಾಪಸ್ ಕಳಿಸುವುದು, ಮಹಿಳಾ ಸಂಘ ಕಟ್ಟುವುದು, ಇದೇ ಅವರ ದಿನಚರಿ. ಗೆದ್ದದ್ದು ಆ ಓಡಾಟದ ಬಲದಿಂದಲೇ.

ಬೆಳಗಿನ ಸಾಲು

ಗೆದ್ದ ಮರುದಿನದಿಂದ ಮನೆ ಮುಂದೆ ಜನ. ಏಳು ಗಂಟೆಗೆ ಬಾಗಿಲು ತೆಗೆದರೆ ಗೇಟಿನ ಹತ್ತಿರ ಚಪ್ಪಲಿಗಳ ರಾಶಿ. ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದೆ. ಸಂಧ್ಯಾ ಸುರಕ್ಷಾ ಹಣ ನಿಂತಿದೆ. ಮಗನಿಗೆ ಹಾಸ್ಟೆಲ್ ಸೀಟು ಬೇಕು. ಗಂಡ ಕುಡಿದು ಹೊಡೆಯುತ್ತಾನೆ. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆ ಹೇಳಿ. ಮೈಸೂರಿನಲ್ಲಿ ದೊಡ್ಡಾಸ್ಪತ್ರೆ ಅಂದರೆ ಕೆ.ಆರ್. ಆಸ್ಪತ್ರೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕಾರ್ಪೊರೇಟರ್‌ಗಳ ಬದುಕಿನ ನಿಜವಾದ ಕೆಲಸ. ಕಾನೂನಿನಲ್ಲಿ ಬರೆದದ್ದು ಬೇರೆ, ಗೇಟಿನ ಮುಂದೆ ನಡೆಯುವುದು ಬೇರೆ. ಒಂದು ಫೋನ್ ಮಾಡಿ ಒಬ್ಬರ ಕೆಲಸ ಮಾಡಿಸಿದರೆ ಆ ಮನೆಯ ನಾಲ್ಕು ಓಟು ಗಟ್ಟಿ. ಸಮಾಜಕಾರ್ಯ ಓದಿದವರಿಗೆ ಇದು ಇನ್ನೂ ಸುಲಭ, ಯಾಕೆಂದರೆ ಒಬ್ಬೊಬ್ಬರ ಸಮಸ್ಯೆ ಹಿಡಿದು ಕೂರುವುದೇ ಅವರ ತರಬೇತಿ. ಐದು ವರ್ಷ ಹೀಗೇ ಕಳೆಯಬಹುದು. ಕಳೆದವರೂ ಇದ್ದಾರೆ, ಅವರನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಆ ಫೋನ್ ಇಲ್ಲದಿದ್ದರೆ ಎಷ್ಟೋ ಮುದುಕಿಯರಿಗೆ ಪಿಂಚಣಿಯೇ ಬರುತ್ತಿರಲಿಲ್ಲ.

ಅಕ್ಕ ಫೋನೂ ಮಾಡಿದರು, ಬರೆದೂ ಇಟ್ಟರು. ಹೆಸರು, ಬೀದಿ, ಮನೆ ನಂಬರು, ಬಂದ ವಿಷಯ, ಮುಂದೆ ಏನಾಯಿತು. ಸಂಸ್ಥೆಯಲ್ಲಿ ಇದ್ದಾಗ ಕೇಸ್ ಫೈಲ್ ಬರೆದ ಕೈ ಅದು. ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಕೂತು ಬೀದಿ ಪ್ರಕಾರ ವಿಂಗಡಿಸಿದರು. ಆಸ್ಪತ್ರೆ ಖರ್ಚಿಗೆ ಸಹಾಯ ಕೇಳಿ ಬಂದವರಲ್ಲಿ ಹೆಚ್ಚಿನವರು ಘೋಷಣೆ ಆಗದ ಆ ಎರಡು ಬೀದಿಯವರು. ಅದರಲ್ಲೂ ಬೀದಿ ತಿರುಗುವ ಜಾಗದಿಂದ ಕೆಳಗಿನ ಮನೆಗಳವರು. ಕಾರಣ ಕೇಳಿದರೆ ಒಂದೇ ಪಾಡು: ಮಗುವಿಗೆ ವಾಂತಿ ಭೇದಿ, ಜ್ವರ, ಕಾಮಾಲೆ.

ಆ ತಿರುವಿನ ಹತ್ತಿರ ಹೋಗಿ ನೋಡಿದರೆ ಉತ್ತರ ಅಲ್ಲೇ ಬಿದ್ದಿತ್ತು. ಮನೆಗಳಿಗೆ ಕೊಟ್ಟ ನಲ್ಲಿ ಪೈಪುಗಳು ಚರಂಡಿಯ ಒಳಗೇ ಹಾದುಹೋಗಿದ್ದವು. ಹಳೆಯ ಕಬ್ಬಿಣದ ಪೈಪು, ಅಲ್ಲಲ್ಲಿ ತುಕ್ಕು, ಜಾಯಿಂಟಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ಊರಿಗೆ ಕಾವೇರಿ, ಕಬಿನಿ ಎರಡರ ನೀರೂ ಶುದ್ಧವಾಗಿಯೇ ಬರುತ್ತದೆ. ಕೆಡುವುದು ಈ ಕೊನೆಯ ನಾಲ್ಕು ಮಾರಿನಲ್ಲಿ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ತೂತಿದ್ದರೆ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಲ್ಲಿಸಿದ ಮೇಲೆ ಒಳಗಿನ ಒತ್ತಡ ಬಿದ್ದುಹೋಗುತ್ತದೆ. ಆಗ ಅದೇ ತೂತು ಸುತ್ತಲಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೆ ಇಷ್ಟು ಹೊತ್ತು ಅಂತ ನೀರು ಬಿಡುವ ಎಲ್ಲ ಊರಿನಲ್ಲೂ ಈ ಅಪಾಯ ಇದೆ. ಅಲ್ಲಿನ ಹೆಂಗಸರಿಗೆ ಇದು ತಮ್ಮದೇ ರೀತಿಯಲ್ಲಿ ಗೊತ್ತಿತ್ತು. ಮೊದಲು ಬರುವ ಎರಡು ಬಿಂದಿಗೆ ನೀರನ್ನು ಅವರು ಕುಡಿಯಲು ಹಿಡಿಯುತ್ತಿರಲಿಲ್ಲ, ಅಂಗಳಕ್ಕೆ ಚೆಲ್ಲುತ್ತಿದ್ದರು. ನೀರು ಕಡಿಮೆ ಬಂದ ದಿನ ಮಾತ್ರ ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ.

ಹಾಗಾಗಿ ಆಸ್ಪತ್ರೆಗೆ ಫೋನ್ ಮಾಡುವ ಕೆಲಸ ಅನ್ನಿಸಿದ್ದು ಪೈಪು ಮತ್ತು ಚರಂಡಿಯ ಕೆಲಸವಾಯಿತು. ನನ್ನ ಪ್ರಕಾರ ಈ ಪ್ರಕರಣದ ನಡುಮಧ್ಯ ಇರುವುದು ಇಲ್ಲೇ.

ದುಡ್ಡು ಎಲ್ಲಿತ್ತು

ಕಾರ್ಪೊರೇಟರ್ ಕೈಯಲ್ಲಿ ಚೆಕ್ ಪುಸ್ತಕ ಇರುತ್ತದೆ ಅಂತ ಜನ ತಿಳಿಯುತ್ತಾರೆ. ಇರುವುದಿಲ್ಲ. ಅವರು ಕೆಲಸ ಸೂಚಿಸಬಹುದು. ಎಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು, ಮಂಜೂರಾತಿ ಸಿಗಬೇಕು, ಟೆಂಡರ್ ಆಗಬೇಕು, ವರ್ಕ್ ಆರ್ಡರ್ ಬರಬೇಕು. ಕೆಲಸ ಆದ ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಆಗಬೇಕು. ಇದರ ಒಂದೊಂದು ಮೆಟ್ಟಿಲಲ್ಲೂ ಕೆಲಸ ಕೂತುಬಿಡಬಹುದು.

ಆದರೆ ಬಡವರ ಬೀದಿಗೆ ಅಂತಲೇ ಎತ್ತಿಟ್ಟ ಹಣ ಒಂದಿದೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಶೇ. 24.10 ಭಾಗವನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಭಾಗವನ್ನು ಉಳಿದ ಬಡವರಿಗೆ, ಶೇ. 5 ಭಾಗವನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು. ಓದುವ ಮಕ್ಕಳ ಫೀಸು, ಚಿಕಿತ್ಸೆಯ ಸಹಾಯದಂಥ ವೈಯಕ್ತಿಕ ಸವಲತ್ತೂ ಇದರಲ್ಲಿ ಬರುತ್ತದೆ, ಬೀದಿಗೆ ಬೇಕಾದ ಕೆಲಸವೂ ಬರುತ್ತದೆ. ಪಾಲಿಕೆಯಲ್ಲಿ ಓಡಾಡುವವರ ಬಾಯಲ್ಲಿ ಇದು ಸುಮ್ನೆ ಇಪ್ಪತ್ನಾಲ್ಕು ಹತ್ತು, ಏಳು ಇಪ್ಪತ್ತೈದು.

ಅರ್ಜಿ ಬರದಿದ್ದರೆ ಈ ಹಣ ಹೇಗೆ ಖರ್ಚಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ವರ್ಷದ ಕೊನೆಗೆ, ಮಾರ್ಚ್ ಹತ್ತಿರ ಬಂದಾಗ, ಬೇಗ ಮುಗಿಯುವ ಕಾಂಕ್ರೀಟಿಗೆ ಹೋಗುತ್ತದೆ. ಅಕ್ಕನ ನೋಟ್‌ಬುಕ್ಕು ಇಲ್ಲಿ ಕೆಲಸಕ್ಕೆ ಬಂತು. ಯಾವ ಮನೆಯವರು ಯಾವ ಬಾಬ್ತಿಗೆ ಸೇರುತ್ತಾರೆ, ಯಾರ ಮನೆಯಲ್ಲಿ ಜಾತಿ ಪ್ರಮಾಣಪತ್ರ ಇದೆ, ಯಾರ ಮನೆಯಲ್ಲಿ ಅಂಗವಿಕಲ ಮಗು ಇದೆ, ಎಲ್ಲ ಅದರಲ್ಲಿತ್ತು. ಹಳೆಯ ಮಹಿಳಾ ಸಂಘದ ಹುಡುಗಿಯರಿಬ್ಬರು ಮನೆಮನೆಗೆ ಹೋಗಿ ಅರ್ಜಿ ತುಂಬಿಸಿದರು. ಏಪ್ರಿಲ್‌ನಲ್ಲಿ ಬಜೆಟ್ ವರ್ಷ ಶುರುವಾಗುವಾಗಲೇ ಅರ್ಜಿಗಳ ಕಟ್ಟು ವಲಯ ಕಚೇರಿಯ ಮೇಜಿನ ಮೇಲಿತ್ತು. ನಲ್ಲಿ ಸಂಪರ್ಕ ಬದಲಿಸುವುದು, ಯುಜಿಡಿಗೆ ಅಂದರೆ ನೆಲದಡಿಯ ಒಳಚರಂಡಿಗೆ ಮನೆ ಸಂಪರ್ಕ, ಪಕ್ಕದ ಚರಂಡಿ, ಈ ಮೂರನ್ನೂ ಸೇರಿಸಿ ಕೇಳಿದರು. ಮೊದಲು ಪೈಪು ಹೊರಗೆ ತೆಗೆದು ಆಮೇಲೆ ಚರಂಡಿ ಕಟ್ಟಬೇಕು, ಉಲ್ಟಾ ಮಾಡಿದರೆ ಹೊಸ ಕಾಂಕ್ರೀಟನ್ನೇ ಒಡೆಯಬೇಕು. ಈ ಕ್ರಮವನ್ನು ಬರವಣಿಗೆಯಲ್ಲೇ ಹಾಕಿಸಿದರು.

ಕಮಾನೋ ಚರಂಡಿಯೋ

ಬೀದಿಯವರೆಲ್ಲ ಒಪ್ಪಿಬಿಟ್ಟರು ಅಂತ ಬರೆದರೆ ಸುಳ್ಳಾಗುತ್ತದೆ. ಯುವಕರ ಸಂಘದವರಿಗೆ ಬೀದಿ ಬಾಗಿಲಲ್ಲಿ ಒಂದು ಸ್ವಾಗತ ಕಮಾನು ಬೇಕಿತ್ತು. ಅವರ ಆಸೆಯನ್ನು ನಾನು ಸಣ್ಣದು ಅನ್ನಲಾರೆ. ಆಟೋದವರು ‘ಆ ಕಡೆ ಬರಲ್ಲ’ ಅನ್ನುವ, ಹುಡುಗನಿಗೆ ಹೆಣ್ಣು ನೋಡಲು ಹೋದರೆ ವಿಳಾಸ ಕೇಳಿ ಮುಖ ತಿರುಗಿಸುವ ಬೀದಿ ಅದು. ಕಮಾನು ಅಂದರೆ ಅವರಿಗೆ ಮರ್ಯಾದೆ.

ಸಂವಿಧಾನದ 243ಎಸ್ ವಿಧಿ ಪ್ರಕಾರ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿಗಳು ಇರಬೇಕು. ಜನ ಕೂತು ತಮ್ಮ ವಾರ್ಡಿನ ಖರ್ಚು ಮಾತಾಡುವ ಜಾಗ ಅದು. ಈ ವಾರ್ಡಿನಲ್ಲಿ ಅಂಥದೊಂದು ಕೂರುತ್ತಿರಲಿಲ್ಲ. ಅಕ್ಕ ಅರಳಿಕಟ್ಟೆಯಲ್ಲೇ ಸಭೆ ಕರೆದರು. ರಾತ್ರಿ ಎಂಟೂವರೆಗೆ, ಮನೆಕೆಲಸದಿಂದ ಹೆಂಗಸರು ಬಂದು ಅಡುಗೆ ಮುಗಿಸುವ ಹೊತ್ತಿಗೆ. ಎಂಜಿನಿಯರ್ ಮಾಡಿದ ಎರಡೂ ಅಂದಾಜು ಪಟ್ಟಿಗಳನ್ನು ಕನ್ನಡದಲ್ಲಿ ಬರೆಸಿ ಓದಿಸಿದರು, ಕಮಾನಿಗೆ ಎಷ್ಟು, ಚರಂಡಿಗೆ ಎಷ್ಟು. ನೋಟ್‌ಬುಕ್ಕಿನಿಂದ ಹೆಸರು ತೆಗೆದು, ಒಂದು ವರ್ಷದಲ್ಲಿ ಆ ಬೀದಿಯ ಎಷ್ಟು ಮಕ್ಕಳು ಆಸ್ಪತ್ರೆಗೆ ಹೋದರು ಅಂತಲೂ ಓದಿದರು. ಯಾರ ಮಗು ಅಂತ ಹೇಳಲಿಲ್ಲ, ಕೂತವರಿಗೆ ಗೊತ್ತಾಗದೇ ಇರುತ್ತದಾ?

ಮೊದಲ ಸಭೆ ಜಗಳದಲ್ಲಿ ಮುಗಿಯಿತು. ಎರಡನೆಯದಕ್ಕೆ ಸಂಘದ ಹುಡುಗರು ಬರಲೇ ಇಲ್ಲ. ಮೂರನೆಯದರಲ್ಲಿ ಒಬ್ಬ ಅಜ್ಜಿ ಎದ್ದು, ‘ಕಮಾನ್ ಕೆಳುಗ್ ಹೆಣ ತಕಂಡೋಗಕಾ ನಿಮ್ಗೆ ಕಮಾನ್ ಬೇಕಾಗಿರದು?’ ಅಂದರು. ಸಭೆ ಸುಮ್ಮನಾಯಿತು. ಆ ಅಜ್ಜಿಯ ಮೊಮ್ಮಗಳು ಹಿಂದಿನ ಮಳೆಗಾಲದಲ್ಲಿ ಚೆಲುವಾಂಬ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿ ಬಂದಿದ್ದಳು. ಚರಂಡಿಯೇ ಮೊದಲು ಅಂತ ತೀರ್ಮಾನವಾಯಿತು. ಹುಡುಗರ ಮುನಿಸು ಮಾತ್ರ ಹೋಗಲಿಲ್ಲ.

ಬಿಂದಿಗೆ ಪರೀಕ್ಷೆ

ನನಗೆ ಈ ಪ್ರಕರಣದಲ್ಲಿ ಬಹಳ ಹಿಡಿಸಿದ ಭಾಗ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಚರಂಡಿಯಲ್ಲಿ ಕಾಂಕ್ರೀಟಿಗಿಂತ ಇಳಿಜಾರು ಮುಖ್ಯ. ಗೋಡೆ ನುಣುಪಾಗಿದ್ದು, ಅಗಲ ಆಳ ಅಂದಾಜು ಪಟ್ಟಿಯಂತೆ ಇದ್ದರೂ ತಳದ ಮಟ್ಟ ತಪ್ಪಿದರೆ ನೀರು ನಡುವೆ ನಿಲ್ಲುತ್ತದೆ. ನಿಂತಲ್ಲಿ ಸೊಳ್ಳೆ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರುತ್ತದೆ. ನೀರು ಹರಿಯಿತೇ ಅನ್ನುವ ಕಾಲಂ ಅದರಲ್ಲಿ ಎದ್ದು ಕಾಣುವುದಿಲ್ಲ.

ಬೀದಿಯ ಹೆಂಗಸರಲ್ಲಿ ಐವರು ಕೆಲಸ ನೋಡಿಕೊಳ್ಳುತ್ತೇವೆ ಅಂತ ಮುಂದೆ ಬಂದಿದ್ದರು. ಅದರಲ್ಲಿ ಒಬ್ಬರು ಗಾರೆ ಕೆಲಸಕ್ಕೆ ಹೋಗುವವರು, ಸಿಮೆಂಟು ಮರಳಿನ ಲೆಕ್ಕ ಎಂಜಿನಿಯರ್‌ಗಿಂತ ಕಡಿಮೆ ಗೊತ್ತಿರಲಿಲ್ಲ. ಕೆಲಸ ಮುಗಿದು ಬಿಲ್ಲಿಗೆ ಅಳತೆ ತೆಗೆಯುವ ದಿನ ಅವರು ಮೇಲಿನ ಮನೆಯ ಹತ್ತಿರ ಬಿಂದಿಗೆಗಳನ್ನು ಸಾಲಾಗಿ ಇಟ್ಟುಕೊಂಡು ನಿಂತರು. ಒಂದಾದ ಮೇಲೆ ಒಂದು ಚರಂಡಿಗೆ ಸುರಿದರು. ಒಬ್ಬಳು ಹುಡುಗಿ ಅರಿಶಿನ ಕಲೆಸಿದ ನೀರನ್ನೂ ಹಾಕಿದಳು, ಎಲ್ಲಿವರೆಗೆ ಹೋಯಿತು ಅಂತ ಕಾಣಲಿ ಅಂತ. ಹಳದಿ ನೀರು ಸರಸರ ಇಳಿದು ತಿರುವಿನ ಹತ್ತಿರ ಬಂದು ನಿಂತುಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ. ಕಾಯಿಲೆ ಮನೆಗಳು ಶುರುವಾಗುತ್ತಿದ್ದದ್ದೂ ಅದೇ ತಿರುವಿನಿಂದ.

ಮಳೆ ಬಂದರೆ ತಾನೇ ಸರಿಹೋಗುತ್ತದೆ ಅಂದರು ಗುತ್ತಿಗೆದಾರರು. ಗಾರೆ ಕೆಲಸದ ಹೆಂಗಸು ದಾರ ಹಿಡಿದು, ತಿರುವಿನ ಆಚೆ ತಳ ಎಷ್ಟು ಮೇಲೆ ಬಂದಿದೆ ಅಂತ ಬೆರಳು ಇಟ್ಟು ತೋರಿಸಿದರು. ಅಕ್ಕ ಕೂಗಾಡಲಿಲ್ಲ. ಟೆಂಡರ್ ಕರಾರಿನಲ್ಲಿ ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರರದೇ ಅಂತ ಇರುವ ಸಾಲನ್ನು ಎಂಜಿನಿಯರ್ ಮುಂದೆ ಓದಿದರು. ಎಂಜಿನಿಯರ್ ಯುವಕ, ನ್ಯಾಯವಾಗಿ ನಡೆದುಕೊಂಡರು. ಅಳತೆ ಪುಸ್ತಕ ಮುಚ್ಚಿ ‘ತಿರುವಿನಿಂದ ಕೆಳಗೆ ಮತ್ತೆ ಮಾಡಿಸಿ, ಆಮೇಲೆ ಬರೀತೀನಿ’ ಅಂದರು. ಅಷ್ಟು ಉದ್ದ ಒಡೆದು ಮತ್ತೆ ಹಾಕಿದರು, ಪಾಲಿಕೆಗೆ ಪೈಸೆ ಹೆಚ್ಚಿಗೆ ಬೀಳಲಿಲ್ಲ.

ಆಮೇಲೆ ಆ ವಾರ್ಡಿನಲ್ಲಿ ಬಿಂದಿಗೆ ಸುರಿಯದೆ ಚರಂಡಿ ಬಿಲ್ಲು ಆಗಬಾರದು ಅನ್ನುವುದು ಮಾಮೂಲಾಯಿತು. ಆದೇಶ ಯಾವುದೂ ಇಲ್ಲ, ಬೀದಿಯವರು ಬಿಡುತ್ತಿರಲಿಲ್ಲ ಅಷ್ಟೇ. ಸಮುದಾಯದಲ್ಲಿ ಬಂಡವಾಳ ಹಾಕುವುದು ಅನ್ನುವ ಮಾತು ಭಾಷಣಗಳಲ್ಲಿ ಜಾಸ್ತಿ ಕೇಳುತ್ತೇವೆ, ಅಲ್ವಾ? ನಾನು ಅದರ ಅರ್ಥ ಕಂಡದ್ದು ಆ ಐದು ಹೆಂಗಸರಲ್ಲಿ. ಅಂದಾಜು ಪಟ್ಟಿ ಓದಲು ಕಲಿತರು, ಕರಾರು ಅಂದರೇನು ಅಂತ ಕಲಿತರು, ಅಧಿಕಾರಿಯ ಮುಂದೆ ದನಿ ಎತ್ತದೆ ಬಿಡದೆ ನಿಲ್ಲುವುದನ್ನು ಕಲಿತರು. ಇದಕ್ಕೆ ಯಾವ ಬಾಬ್ತಿನಲ್ಲೂ ಹಣ ಇರುವುದಿಲ್ಲ. ಅಕ್ಕ ಹಾಕಿದ್ದು ತಮ್ಮ ಸಂಜೆಗಳನ್ನು.

ಕೊಟ್ಟ ಬೆಲೆ

ಕೋವಿಡ್ ಬಂದಾಗ ನೋಟ್‌ಬುಕ್ಕು ಮತ್ತೆ ಉಪಯೋಗಕ್ಕೆ ಬಂತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಒಂಟಿ ಮುದುಕರು ಯಾರು, ಡಯಾಲಿಸಿಸ್‌ಗೆ ಹೋಗುವವರು ಯಾರು, ದಿನಗೂಲಿ ನಿಂತರೆ ಒಲೆ ಹಚ್ಚದ ಮನೆ ಯಾವುದು ಅಂತ ಹುಡುಕಬೇಕಾಗಿರಲಿಲ್ಲ. ಆ ದಿನಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಆದರೆ ಅಕ್ಕನಿಗೆ ಈ ಹಾದಿ ಸುಲಭವಾಗಿರಲಿಲ್ಲ. ಎರಡನೇ ವರ್ಷದಿಂದ ಅವರು ಬೆಳಗಿನ ಸಾಲನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದರು. ಉಳಿದ ದಿನ ವಲಯ ಕಚೇರಿ, ಸ್ಥಾಯಿ ಸಮಿತಿ, ಬೀದಿ ಸಭೆ. ಕೂಡಲೇ ಮಾತು ಹುಟ್ಟಿತು: ಗೆದ್ದ ಮೇಲೆ ಕೈಗೇ ಸಿಗಲ್ಲ, ಮೊದಲಿನ ಅಕ್ಕ ಅಲ್ಲ. ಸಂಸ್ಥೆಯಲ್ಲಿದ್ದಾಗ ಒಂದು ಮಾತೂ ಕೇಳದವರಿಗೆ ಇದು ಬಹಳ ನೋವು ಕೊಟ್ಟಿತು. ಬಡಾವಣೆಯ ಕಡೆಯವರಿಗೆ ಬೇರೆ ಬೇಜಾರು. ತೆರಿಗೆ ಕಟ್ಟುವವರು ನಾವು, ಪಾರ್ಕಿಗೆ ಗ್ರಿಲ್ ಹಾಕಿಸಲಿಲ್ಲ ಅನ್ನುವುದು. ಪಕ್ಷದ ಒಳಗೆ ಇನ್ನೊಂದು ಬಗೆಯ ಒತ್ತಡ. ಮೇಯರ್ ಅವಧಿ ಒಂದೇ ವರ್ಷದ್ದು, ಬಹುಮತ ಯಾರಿಗೂ ಇಲ್ಲ. ಹಾಗಾಗಿ ಮೇಯರ್ ಚುನಾವಣೆ ಬಂದಾಗಲೆಲ್ಲ ಸದಸ್ಯರ ತಲೆ ಎಣಿಸುವ ಗಲಾಟೆ, ಆ ವಾರಗಳಲ್ಲಿ ವಾರ್ಡಿನ ಫೈಲು ಹಿಡಿದು ಹೋದರೆ ಕೇಳುವವರು ಕಡಿಮೆ.

ಒಂದು ವಿಷಯದಲ್ಲಿ ಅಕ್ಕನ ಲೆಕ್ಕ ತಪ್ಪಿತು ಅಂತ ನನ್ನ ಅಭಿಪ್ರಾಯ. ಘೋಷಿತ ಕೊಳಗೇರಿಯ ಹಳೆಯ ಬಾಲವಾಡಿ ಕಟ್ಟಡದಲ್ಲಿ ಸಂಜೆ ಪಾಠ ಶುರುಮಾಡಿದ್ದರು. ಪಾಠ ಹೇಳುವ ಹುಡುಗಿಗೆ ತಮ್ಮ ಗೌರವಧನದಿಂದಲೇ ಸಂಬಳ ಕೊಡುತ್ತಿದ್ದರು. ಜನ ಇದನ್ನೇ ಬಹಳ ಹೊಗಳಿದರು, ಪತ್ರಿಕೆಯಲ್ಲೂ ಫೋಟೋ ಬಂತು. ಚರಂಡಿಗೆ ಫೋಟೋ ಬರಲಿಲ್ಲ. ಸ್ವಂತ ಹಣ ಹಾಕುವುದು ದೊಡ್ಡ ಮನಸ್ಸು, ನಿಜ. ಆದರೆ ಪಾಲಿಕೆಯ ಶಿಕ್ಷಣದ ಬಾಬ್ತಿನಲ್ಲಿ ಸೇರಿಸಲು ಅರ್ಜಿ ಹಾಕಿ ಹಟ ಹಿಡಿಯಬೇಕಿತ್ತು. ಪೈಪಿನ ವಿಷಯದಲ್ಲಿ ಸರ್ಕಾರದ ದುಡ್ಡನ್ನು ಹುಡುಕಿ ತಂದವರು ಪಾಠದ ವಿಷಯಕ್ಕೆ ಬಂದಾಗ ಮತ್ತೆ ಹಳೆಯ ಸಮಾಜಸೇವಕಿಯೇ ಆಗಿಬಿಟ್ಟರು.

ಅವಧಿ ಮುಗಿದ ಮೇಲೆ

2023ರ ನವೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಸಮಯಕ್ಕೆ ಸರಿಯಾಗಿ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿ ಬಂದರು. 65 ವಾರ್ಡಿಗೂ ಕಾರ್ಪೊರೇಟರ್ ಇಲ್ಲದ ಕಾಲ ಶುರುವಾಯಿತು. ಇದು ಜನರಿಗೆ ಕಷ್ಟದ ಕಾಲ. ಪ್ರಕರಣ ನೋಡುವವರಿಗೆ ಮಾತ್ರ ಇದೊಂದು ಪರೀಕ್ಷೆ: ಕುರ್ಚಿ ಖಾಲಿಯಾದಾಗ ಏನು ಉಳಿಯುತ್ತದೆ?

ಸಂಜೆ ಪಾಠ ಉಳಿಯಲಿಲ್ಲ. ಗೌರವಧನ ನಿಂತಿತು, ಸಂಬಳ ನಿಂತಿತು, ಹುಡುಗಿ ಬೇರೆ ಕೆಲಸಕ್ಕೆ ಹೋದಳು. ಬಾಲವಾಡಿಗೆ ಬೀಗ ಬಿತ್ತು. ಪೈಪು, ಚರಂಡಿ ಇವೆ. ಆ ತಿರುವಿನ ಕೆಳಗಿನ ಮನೆಗಳಲ್ಲಿ ಮೊದಲ ಎರಡು ಬಿಂದಿಗೆ ಚೆಲ್ಲುವ ರೂಢಿ ಕೆಲವರು ಬಿಟ್ಟಿದ್ದಾರೆ, ಕೆಲವರು ಇನ್ನೂ ಬಿಟ್ಟಿಲ್ಲ. ಐವರು ಹೆಂಗಸರ ಗುಂಪು ಈಗಲೂ ಇದೆ, ಒಬ್ಬರು ಊರು ಬಿಟ್ಟರು, ಇಬ್ಬರು ಹೊಸಬರು ಸೇರಿದರು. ಮ್ಯಾನ್‌ಹೋಲ್ ಮುಚ್ಚಳ ಒಡೆದಾಗ ಅವರೇ ವಲಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬರುತ್ತಾರೆ. ಸೀಲಿಲ್ಲದ ಅರ್ಜಿ ಅರ್ಜಿಯೇ ಅಲ್ಲ ಅಂತ ಅಕ್ಕ ಹೇಳಿಕೊಟ್ಟಿದ್ದರು. ನೋಟ್‌ಬುಕ್ಕಿನ ಒಂದು ನಕಲು ಅವರ ಹತ್ತಿರ ಇದೆ, ಕಾಯಿಲೆ ವಿಷಯದ ಹಾಳೆಗಳನ್ನು ತೆಗೆದು ಕೊಟ್ಟದ್ದು. ಕಮಾನಿನ ಹುಡುಗರಲ್ಲಿ ಇಬ್ಬರು ಈಗ ಅರ್ಜಿ ಟೈಪ್ ಮಾಡಿಕೊಡುತ್ತಾರೆ.

ಮುಂದಿನ ಚುನಾವಣೆಗೆ ಮೀಸಲಾತಿ ಬದಲಾಗಬಹುದು. ವಾರ್ಡು ಯಾರ ಪಾಲಿಗೆ ಹೋಗುತ್ತದೋ, ಅಕ್ಕನಿಗೆ ನಿಲ್ಲಲು ಆಗುತ್ತದೋ ಇಲ್ಲವೋ. ಆದರೆ ಗಾರೆ ಕೆಲಸದ ಆ ಹೆಂಗಸು, ದಾರ ಹಿಡಿದು ಮಟ್ಟ ತೋರಿಸಿದವರು, ತಮ್ಮ ಜಾತಿ ಪ್ರಮಾಣಪತ್ರವನ್ನು ಹೊಸದಾಗಿ ಮಾಡಿಸಿ ಇಟ್ಟುಕೊಂಡಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ, ‘ನಮ್ ಕೆಟಗರಿಗೆ ಬಂದ್ರೆ ನಾನೇ ನಿಂತ್ಕತೀನಿ’ ಅಂದರು.